ಎರಡರಲ್ಲೂ ಒಬ್ಬನೇ ಮೇಲು ಅಂದ್ರೆ ಇನ್ನೊಬ್ಬನ ಹತ್ತಿರ ಯಾಕೆ ಕೊಳ್ಳಬೇಕು? ರಿಕಾರ್ಡೋ ಲೆಕ್ಕ ಯಾರಾದ್ರೂ ಬಿಡಿಸಿ ಹೇಳಿ

ಕೊನೇ ಬೆಂಚು

ಎಲ್ಲರಿಗೂ ನಮಸ್ಕಾರ. ಬಿಕಾಂ ಎರಡನೇ ವರ್ಷ. ಮೊನ್ನೆ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿನ ಪ್ರಶ್ನೆಗೆ ಒಂದೇ ಮಾರ್ಕು ಬಂತು, ಅದೂ ಟೇಬಲ್ ನೀಟಾಗಿ ಹಾಕಿದ್ದಕ್ಕೆ ಇರಬೇಕು. ಪ್ರಶ್ನೆ ಇದು: ಇಷ್ಟು ಬಟ್ಟೆ ಮಾಡೋಕೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಜನ ಬೇಕು, ಇಷ್ಟು ವೈನ್ ಮಾಡೋಕೆ 120 ಜನ. ಅಷ್ಟೇ ಬಟ್ಟೆಗೆ ಪೋರ್ಚುಗಲ್‌ನಲ್ಲಿ 90 ಜನ, ಅಷ್ಟೇ ವೈನಿಗೆ 80. ಯಾರಿಗೆ ಯಾವುದರಲ್ಲಿ ಅಬ್ಸಲ್ಯೂಟ್ ಅಡ್ವಾಂಟೇಜ್, ಯಾವುದರಲ್ಲಿ ಕಂಪ್ಯಾರೇಟಿವ್ ಅಡ್ವಾಂಟೇಜ್, ವ್ಯಾಪಾರ ಆಗುತ್ತಾ ಇಲ್ವಾ?

ನಾನು ಬರೆದದ್ದು: ಇಂಗ್ಲೆಂಡಿನ ಸಂಖ್ಯೆ ಎರಡರಲ್ಲೂ ದೊಡ್ಡದು, ಹಾಗಾಗಿ ಇಂಗ್ಲೆಂಡೇ ಎರಡರಲ್ಲೂ ಮೇಲು, ಹಾಗಾಗಿ ಪೋರ್ಚುಗಲ್ ಜೊತೆ ವ್ಯಾಪಾರ ಮಾಡೋ ಅಗತ್ಯ ಇಲ್ಲ. ತಪ್ಪಂತೆ. ಯಾಕೆ ತಪ್ಪು ಅಂತ ಕೇಳಿದ್ರೆ "ಅವಕಾಶ ವೆಚ್ಚ ನೋಡು" ಅಂದ್ರು, ಬೆಲ್ ಆಯ್ತು, ಹೋದ್ರು. ಪುಸ್ತಕದಲ್ಲಿ "ತುಲನಾತ್ಮಕ ಅನುಕೂಲತಾ ಸಿದ್ಧಾಂತ" ಅಂತ ಎರಡು ಪುಟ ಇದೆ, ಮೂರು ಸಲ ಓದಿದೆ, ನಿದ್ದೆ ಚೆನ್ನಾಗಿ ಬಂತು.

ಲೆಕ್ಕದ ಮೇಷ್ಟ್ರು

ತಮ್ಮಾ, ನಿನ್ನ ಮೊದಲ ತಪ್ಪು ಅರ್ಥಶಾಸ್ತ್ರದ್ದಲ್ಲ, ಓದುವುದರದ್ದು. 100 ಮತ್ತು 120 ಅನ್ನೋದು ಎಷ್ಟು ಬಂತು ಅಂತಲ್ಲ, ಎಷ್ಟು ಆಳು ಹಿಡಿಯಿತು ಅಂತ. ಮನೆ ಕಟ್ಟೋಕೆ ಒಬ್ಬ ಮೇಸ್ತ್ರಿ 100 ದಿನ ತಗೋತಾನೆ, ಇನ್ನೊಬ್ಬ 90 ದಿನ ತಗೋತಾನೆ. ಯಾರು ಚುರುಕು? 90ರವನು ತಾನೇ. ಹಾಗಾಗಿ ಎರಡರಲ್ಲೂ ಮೇಲು ಇರೋದು ಪೋರ್ಚುಗಲ್. ಅಬ್ಸಲ್ಯೂಟ್ ಅಡ್ವಾಂಟೇಜ್ ಅಂದ್ರೆ ಇಷ್ಟೇ. ಪರೀಕ್ಷೆಯಲ್ಲಿ ಎರಡು ಥರದ ಟೇಬಲ್ ಬರುತ್ತೆ. ಒಂದರಲ್ಲಿ ಒಂದು ದಿನಕ್ಕೆ ಎಷ್ಟು ತಯಾರಾಯ್ತು ಅಂತ ಕೊಟ್ಟಿರ್ತಾರೆ, ಅಲ್ಲಿ ದೊಡ್ಡ ಸಂಖ್ಯೆ ಒಳ್ಳೇದು. ಇನ್ನೊಂದರಲ್ಲಿ ಒಂದು ತಯಾರಾಗೋಕೆ ಎಷ್ಟು ಶ್ರಮ ಅಂತ ಕೊಟ್ಟಿರ್ತಾರೆ, ಅಲ್ಲಿ ಚಿಕ್ಕದು ಒಳ್ಳೇದು. ಇದನ್ನು ನೋಡದೆ ಪೆನ್ನು ಎತ್ತಿದರೆ ಮುಂದಿನದೆಲ್ಲ ತಲೆಕೆಳಗು.

ಅಂದ ಹಾಗೆ ಈ ನಾಲ್ಕು ಸಂಖ್ಯೆಗಳು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೋ 1817ರಲ್ಲಿ ಬರೆದವು, ಇನ್ನೂರು ವರ್ಷ ಆದ್ರೂ ಪ್ರಶ್ನೆಪತ್ರಿಕೆಯಿಂದ ಇಳಿದಿಲ್ಲ. ಅವನು ತನ್ನ ದೇಶವಾದ ಇಂಗ್ಲೆಂಡನ್ನೇ ಎರಡರಲ್ಲೂ ಹಿಂದೆ ಇಟ್ಟಿದ್ದಾನೆ, ಗಮನಿಸಿ. ಬೇಕಂತಲೇ. ಎರಡರಲ್ಲೂ ಸೋತವನಿಗೂ ಮಾರೋಕೆ ಏನೋ ಒಂದು ಇರುತ್ತೆ ಅಂತ ತೋರಿಸೋದೇ ಅವನ ಉದ್ದೇಶ.

ಈಗ ಎರಡನೇ ಹೆಜ್ಜೆ. ಇಂಗ್ಲೆಂಡಿನವನು ಒಂದು ಪಾಲು ವೈನ್ ಮಾಡಬೇಕಂದ್ರೆ 120 ಜನರನ್ನು ಬಟ್ಟೆಯಿಂದ ಎಬ್ಬಿಸಿ ಕರ್ಕೊಂಡು ಬರಬೇಕು. ಆ 120 ಜನ ಬಟ್ಟೆಯಲ್ಲೇ ಇದ್ದಿದ್ರೆ 1.2 ಪಾಲು ಬಟ್ಟೆ ಮಾಡ್ತಿದ್ರು. ಅಂದ್ರೆ ಅಲ್ಲಿ ಒಂದು ವೈನಿಗೆ 1.2 ಬಟ್ಟೆ ಹೋಯ್ತು. ಅವಕಾಶ ವೆಚ್ಚ ಅಂದ್ರೆ ಇದೇ, ಒಂದನ್ನು ಮಾಡೋಕೆ ಬಿಟ್ಟುಕೊಟ್ಟ ಇನ್ನೊಂದು. ಪೋರ್ಚುಗಲ್‌ನಲ್ಲಿ 80 ಭಾಗಿಸು 90, ಹತ್ತಿರ ಹತ್ತಿರ 0.89 ಬಟ್ಟೆ. ವೈನಿಗಾಗಿ ಕಡಿಮೆ ಬಟ್ಟೆ ಬಿಟ್ಟುಕೊಡೋದು ಪೋರ್ಚುಗಲ್, ಹಾಗಾಗಿ ವೈನಿನಲ್ಲಿ ಕಂಪ್ಯಾರೇಟಿವ್ ಅಡ್ವಾಂಟೇಜ್ ಅದಕ್ಕೆ. ಹಾಗಾದ್ರೆ ಬಟ್ಟೆಗಾಗಿ ಕಡಿಮೆ ವೈನ್ ಬಿಟ್ಟುಕೊಡೋದು ಯಾರು ಅಂತ ನೀನೇ ಮಾಡಿ ನೋಡು.

ಕೊನೇ ಬೆಂಚು

ಮೇಷ್ಟ್ರೇ, ನಾನು ತಮ್ಮ ಅಲ್ಲ, ತಂಗಿ :)

ಮಾಡಿದೆ. ಇಂಗ್ಲೆಂಡ್ 100/120 ಅಂದ್ರೆ 0.83 ವೈನ್. ಪೋರ್ಚುಗಲ್ 90/80 ಅಂದ್ರೆ 1.125 ವೈನ್. ಹಾಗಾಗಿ ಬಟ್ಟೆ ಇಂಗ್ಲೆಂಡಿಗೆ. ಲೆಕ್ಕ ಬಂತು. ಆದ್ರೆ ಮನಸ್ಸಿಗೆ ಬರಲಿಲ್ಲ. ಪೋರ್ಚುಗಲ್‌ನವನು 90 ಜನದಲ್ಲಿ ಮನೆಯಲ್ಲೇ ಬಟ್ಟೆ ಮಾಡ್ಕೋಬಹುದು, 100 ಜನ ಬೇಕಾದವನ ಹತ್ತಿರ ಯಾಕೆ ಹೋಗ್ತಾನೆ? ಅವನಿಗೇನು ಹುಚ್ಚಾ?

ಖಾನಾವಳಿ ಅಕ್ಕ

ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇದಕ್ಕೆ ಬರೀಲೇಬೇಕು ಅನ್ನಿಸ್ತು. ನಾನು ಅರ್ಥಶಾಸ್ತ್ರ ಓದಿಲ್ಲ. ಬೆಂಗಳೂರಲ್ಲಿ ಸಣ್ಣದೊಂದು ಖಾನಾವಳಿ ಇದೆ, ರೊಟ್ಟಿ, ಹೋಳಿಗೆ, ಶೇಂಗಾ ಚಟ್ನಿ ಪಾರ್ಸೆಲ್. ಎಂಟು ವರ್ಷ ಒಬ್ಬಳೇ ಮಾಡಿದೆ. ಹೋದ ವರ್ಷ ಗದಗದ ಕಡೆಯಿಂದ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು.

ನಾನು ಗಂಟೆಗೆ 40 ರೊಟ್ಟಿ ಬಡೀತೀನಿ. ಕಣಕ, ಹೂರಣ ರೆಡಿ ಇದ್ರೆ ಗಂಟೆಗೆ 40 ಹೋಳಿಗೆನೂ ಮಾಡ್ತೀನಿ. ಆ ಹುಡುಗಿ ರೊಟ್ಟಿ 30 ಬಡೀತಾಳೆ, ಪರವಾಗಿಲ್ಲ. ಹೋಳಿಗೆ ಮಾತ್ರ ಗಂಟೆಗೆ 10, ಅದೂ ಲಟ್ಟಿಸುವಾಗ ಹೂರಣ ಆಚೆ ಬಂದು ತವಾಕ್ಕೆ ಅಂಟಿ ಸುಟ್ಟ ಬೆಲ್ಲದ ವಾಸನೆ. "ಅಕ್ಕಾರ, ನನ್ನ ಹೋಳಿಗಿ ಒಡೀತಾವ್ರೀ" ಅಂತ ಅಳೋ ಮುಖ ಮಾಡ್ತಿದ್ದಳು. ಎರಡರಲ್ಲೂ ನಾನೇ ಮೇಲು. ನಿಮ್ಮ ಪ್ರಶ್ನೆ ಪ್ರಕಾರ ನಾನು ಅವಳನ್ನು ಇಟ್ಕೊಳ್ಳಲೇಬಾರದು.

ಮೊದಲ ತಿಂಗಳು "ಇಬ್ಬರೂ ಎರಡೂ ಮಾಡೋಣ, ಅವಳೂ ಕಲೀಲಿ" ಅಂತ ಬೆಳಗ್ಗೆ 7ರಿಂದ 11ರವರೆಗೆ ಇಬ್ಬರೂ ಎರಡು ಗಂಟೆ ರೊಟ್ಟಿ, ಎರಡು ಗಂಟೆ ಹೋಳಿಗೆ. ನನ್ನದು 80 ರೊಟ್ಟಿ 80 ಹೋಳಿಗೆ, ಅವಳದು 60 ರೊಟ್ಟಿ 20 ಹೋಳಿಗೆ. ಒಟ್ಟು 140 ರೊಟ್ಟಿ, 100 ಹೋಳಿಗೆ. ಆಮೇಲೆ ಒಂದು ದಿನ ಶ್ರಾವಣದಲ್ಲಿ ಹೋಳಿಗೆ ಆರ್ಡರ್ ಜಾಸ್ತಿ ಆಗಿ, ನೀನು ರೊಟ್ಟಿ ಬಿಟ್ಟು ಏಳಬೇಡ ಅಂತ ಹೇಳಿ ಅವಳನ್ನು ನಾಲ್ಕೂ ಗಂಟೆ ರೊಟ್ಟಿಗೇ ಕೂರಿಸಿದೆ. 120 ರೊಟ್ಟಿ ಆಯ್ತು. ಬೇಕಾದ್ದು 140. ಉಳಿದ 20 ನಾನು ಅರ್ಧ ಗಂಟೆಯಲ್ಲಿ ಬಡಿದು, ಮೂರೂವರೆ ಗಂಟೆ ಹೋಳಿಗೆ ಮಾಡಿದೆ. 140 ಹೋಳಿಗೆ! ರೊಟ್ಟಿ ಅಷ್ಟೇ, ಹೋಳಿಗೆ 40 ಜಾಸ್ತಿ. ಅದೇ ಇಬ್ಬರು, ಅದೇ ನಾಲ್ಕು ಗಂಟೆ, ಯಾರ ಕೈಯೂ ಚುರುಕಾಗಲಿಲ್ಲ. ಲೆಕ್ಕ ಹಾಕಿದ ಮೇಲೂ ಎರಡು ಸಲ ಎಣಿಸಿದೆ ಡಬ್ಬಿಗಳನ್ನು.

ಅವಳು ಒಂದು ಹೋಳಿಗೆ ಮಾಡೋ ಹೊತ್ತಿಗೆ ಮೂರು ರೊಟ್ಟಿ ಹೋಗುತ್ತೆ. ನಾನು ಒಂದು ಹೋಳಿಗೆ ಮಾಡಿದ್ರೆ ಹೋಗೋದು ಒಂದೇ ರೊಟ್ಟಿ. ಮೇಷ್ಟ್ರು ಹೇಳ್ತಿರೋದು ಇದೇ ಅಲ್ವಾ?

ಲೆಕ್ಕದ ಮೇಷ್ಟ್ರು

ಇದೇ ಕಣಮ್ಮ. ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಇಷ್ಟು ಚೆಂದ ಹೇಳಿಲ್ಲ. ತಂಗೀ, ಪೋರ್ಚುಗಲ್‌ನವನಿಗೆ ಹುಚ್ಚಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಅವನು ಬಟ್ಟೆ ಮಾಡೋಕೆ 90 ಜನ ಹಾಕಬೇಕು. ಅದರ ಬದಲು 80 ಜನ ಹಾಕಿ ಒಂದು ಪಾಲು ವೈನ್ ಮಾಡಿ, ಹಡಗಿಗೆ ಹಾಕಿ, ಬದಲಿಗೆ ಒಂದು ಪಾಲು ಬಟ್ಟೆ ತಂದ್ರೆ 10 ಜನ ಉಳಿದ್ರು. ಇಂಗ್ಲೆಂಡಿನವನು 100 ಜನರ ಬಟ್ಟೆ ಕೊಟ್ಟು, ಮನೆಯಲ್ಲಿ ಮಾಡಿದ್ರೆ 120 ಜನ ಹಿಡೀತಿದ್ದ ವೈನ್ ತಗೊಂಡ. ಅವನಿಗೆ 20 ಜನ ಉಳಿದ್ರು. ಮೊದಲು ಇಬ್ಬರೂ ಸೇರಿ 390 ಜನ ಮಾಡ್ತಿದ್ದ ಕೆಲಸ ಈಗ 360 ಜನರಲ್ಲಿ ಮುಗೀತು. ಎದುರಿನವನಿಗೆ ಎಷ್ಟು ಶ್ರಮ ಆಯ್ತು ಅನ್ನೋದು ಅವನ ತಲೆನೋವು, ನಾನು ಕೊಳ್ಳೋಕೆ ನನ್ನ ಕೈಯಿಂದ ಏನು ಹೋಯ್ತು ಅಂತ ಮಾತ್ರ ನಾನು ನೋಡಬೇಕು.

ಒಂದಕ್ಕೊಂದು ಅಂತ ವಿನಿಮಯ ದರ ಹಿಡಿದದ್ದು ಲೆಕ್ಕ ಸುಲಭ ಆಗಲಿ ಅಂತ. ನಿಜಕ್ಕೂ ಒಂದು ವೈನಿಗೆ 0.89ರಿಂದ 1.2 ಬಟ್ಟೆಯೊಳಗೆ ಎಲ್ಲಿ ಬೇಕಾದ್ರೂ ಕುದುರಬಹುದು. 1.2ರ ಹತ್ತಿರ ಕುದುರಿದ್ರೆ ಲಾಭ ಎಲ್ಲ ಪೋರ್ಚುಗಲ್ ಜೇಬಿಗೆ, 0.89ರ ಹತ್ತಿರ ಆದ್ರೆ ಇಂಗ್ಲೆಂಡಿಗೆ. ಎಲ್ಲಿ ಕುದುರುತ್ತೆ ಅಂತ ರಿಕಾರ್ಡೋ ಹೇಳಲಿಲ್ಲ.

ಇನ್ನೊಂದು. ನಮ್ಮ ಹುಡುಗರು "ತುಲನಾತ್ಮಕ" ಅಂದ ತಕ್ಷಣ ಇಂಗ್ಲೆಂಡನ್ನು ಪೋರ್ಚುಗಲ್ ಜೊತೆ ತೂಗ್ತಾರೆ. ಮೊದಲು ತೂಗಬೇಕಾದ್ದು ಒಂದೇ ದೇಶದೊಳಗೆ ಬಟ್ಟೆಯನ್ನು ವೈನ್ ಜೊತೆ. ಆಮೇಲೆ ಆ ಎರಡು ಅನುಪಾತಗಳನ್ನು ಪಕ್ಕಪಕ್ಕ ಇಡಬೇಕು. ಅನುಪಾತ ಎರಡೂ ಕಡೆ ಒಂದೇ ಆಗಿದ್ರೆ ವ್ಯಾಪಾರಕ್ಕೆ ಕಾರಣವೇ ಇಲ್ಲ, ಒಬ್ಬ ಎಷ್ಟೇ ಮೇಲಿರಲಿ.

ಸಂಜೆ ಕಾಫಿ

ಕೊನೇ ಬೆಂಚು ಅವರೇ, ಬೇಜಾರು ಬೇಡ. ಸ್ಟಾನಿಸ್ಲಾವ್ ಉಲಾಂ ಅನ್ನೋ ದೊಡ್ಡ ಗಣಿತಜ್ಞ, ಅರ್ಥಶಾಸ್ತ್ರದ ದೊಡ್ಡ ಹೆಸರಾದ ಪಾಲ್ ಸ್ಯಾಮ್ಯುಯೆಲ್ಸನ್‌ರನ್ನು ಕೆಣಕಿದ್ದನಂತೆ, ನಿಮ್ಮ ಸಮಾಜ ವಿಜ್ಞಾನಗಳಲ್ಲಿ ನಿಜವೂ ಆಗಿರೋ, ಅಷ್ಟು ಸುಲಭಕ್ಕೆ ಹೊಳೆಯದೇ ಇರೋ ಒಂದಾದ್ರೂ ಮಾತು ಇದ್ರೆ ಹೇಳಿ ಅಂತ. ಸ್ಯಾಮ್ಯುಯೆಲ್ಸನ್ ಉತ್ತರ ಹುಡುಕೋಕೆ ವರ್ಷಗಳೇ ಹಿಡೀತು, ಕೊನೆಗೆ ಕೊಟ್ಟ ಉತ್ತರ ಇದೇ ಕಂಪ್ಯಾರೇಟಿವ್ ಅಡ್ವಾಂಟೇಜ್. ನಿಮಗೆ ಇಂಟರ್ನಲ್ಸ್‌ನಲ್ಲಿ ಒಂದು ಗಂಟೆ ಕೊಟ್ಟಿದ್ರು ಅಷ್ಟೇ.

ಹಳೇ ರದ್ದಿ

ಎಲ್ಲರೂ ಚಪ್ಪಾಳೆ ತಟ್ಟಿ ಮುಗಿದಿದ್ರೆ ನಾನು ಸ್ವಲ್ಪ ಉಪ್ಪು ಹಾಕ್ತೀನಿ.

ಆ ಇಂಗ್ಲೆಂಡ್, ಪೋರ್ಚುಗಲ್, ಬಟ್ಟೆ, ವೈನ್ ಆಕಾಶದಿಂದ ಬಿದ್ದ ಉದಾಹರಣೆ ಅಲ್ಲ. 1703ರಲ್ಲಿ ಮೆಥ್ಯುಯೆನ್ ಒಪ್ಪಂದ ಅಂತ ಆಯ್ತು. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ ಬಾಗಿಲು ತೆಗೀಬೇಕು, ಬದಲಿಗೆ ಪೋರ್ಚುಗಲ್ ವೈನಿಗೆ ಇಂಗ್ಲೆಂಡಿನಲ್ಲಿ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ. ಫ್ರಾನ್ಸ್ ಜೊತೆ ಯುದ್ಧದ ಕಾಲ ಅದು. ಅಂದ್ರೆ ಯಾರು ಏನು ಮಾಡಬೇಕು ಅನ್ನೋದನ್ನು ಅಲ್ಲಿ ಬರೀ ಬಿಸಿಲು ಮಣ್ಣು ತೀರ್ಮಾನ ಮಾಡಲಿಲ್ಲ, ಸುಂಕ ಮತ್ತು ಹಡಗುಪಡೆ ಕೂಡ ಮಾಡಿತು. ಬಟ್ಟೆ ಹಿಡಿದವನು ಮುಂದೆ ಯಂತ್ರ, ಕಲ್ಲಿದ್ದಲು, ರೈಲು ಅಂತ ಹೋದ. ವೈನ್ ಹಿಡಿದವನು ವೈನ್‌ನಲ್ಲೇ ಉಳಿದ.

ನಮ್ಮ ಕಥೆ ಇನ್ನೂ ಚೆನ್ನಾಗಿದೆ. ಹತ್ತಿ ಬಟ್ಟೆಯಲ್ಲಿ ಆ ಕಾಲಕ್ಕೆ ನಮ್ಮವರೇ ಮೇಲು, ಅಬ್ಸಲ್ಯೂಟೂ ಹೌದು ಕಂಪ್ಯಾರೇಟಿವೂ ಹೌದು. ಕ್ಯಾಲಿಕೋ ಅನ್ನೋ ಹೆಸರೇ ಕಲ್ಲಿಕೋಟೆಯಿಂದ ಬಂದದ್ದು. ಇಂಗ್ಲೆಂಡ್ ಏನು ಮಾಡಿತು? 1700ರಲ್ಲಿ ಕಾಯ್ದೆ ತಂದು ಅಚ್ಚು ಹಾಕಿದ ಕ್ಯಾಲಿಕೋ ಆಮದು ನಿಲ್ಲಿಸಿತು, 1721ರಲ್ಲಿ ಇನ್ನೊಂದು ಕಾಯ್ದೆ ಮಾಡಿ ಬಹುಪಾಲು ಅಂಥ ಬಟ್ಟೆಯನ್ನು ಉಡೋದೇ ಅಪರಾಧ ಅಂದಿತು. ಆಗ ರಿಕಾರ್ಡೋ ಹುಟ್ಟಿರಲಿಲ್ಲ, ಅವನು ಹುಟ್ಟಿದ್ದು 1772. ಗೇಟು ಹಾಕ್ಕೊಂಡು ಗಿರಣಿ ಬೆಳೆಸಿದ್ರು, ಬೆಳೆದ ಮೇಲೆ ಗೇಟು ಯಾಕ್ರಪ್ಪಾ, ಎಲ್ಲರೂ ತೆಗೀರಿ ಅಂದ್ರು. ನಮ್ಮ ಮಗ್ಗಗಳ ಕಥೆ ನಿಮಗೆಲ್ಲ ಗೊತ್ತು.

ಲೆಕ್ಕದ ಮೇಷ್ಟ್ರು

ರದ್ದಿ ಸಾಹೇಬ್ರೇ, ಇತಿಹಾಸ ಪೂರ್ತಿ ಒಪ್ಪಿದೆ. ಆದ್ರೆ ರಿಕಾರ್ಡೋ ಮೇಲೆ ಅಷ್ಟು ಹಾಕಬೇಡಿ. ಅವನ ಜಗಳ ಇದ್ದದ್ದು ಅವನ ಊರಿನ ಜಮೀನ್ದಾರರ ಮೇಲೆ. 1815ರ ಧಾನ್ಯ ಕಾಯ್ದೆ ಹೊರಗಿನ ಗೋಧಿ ಒಳಗೆ ಬರದ ಹಾಗೆ ಮಾಡಿತ್ತು, ಬ್ರೆಡ್ಡು ದುಬಾರಿ, ಜಮೀನ್ದಾರನ ಗೇಣಿ ಏರಿಕೆ. ಷೇರುಪೇಟೆಯಲ್ಲಿ ದುಡ್ಡು ಮಾಡಿದ್ದ ಮನುಷ್ಯ, 1819ರಲ್ಲಿ ಪಾರ್ಲಿಮೆಂಟಿಗೂ ಹೋದ, 1823ರಲ್ಲಿ ತೀರಿಕೊಂಡ. ಆ ಕಾಯ್ದೆ ರದ್ದಾಗಿದ್ದು 1846ರಲ್ಲಿ. ಮತ್ತೆ ಅವನೇ ಒಂದು ಷರತ್ತು ಹೇಳಿದ್ದಾನೆ, ಬಂಡವಾಳ ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಸುಲಭವಾಗಿ ಓಡಲ್ಲ ಅಂತ. ಹುಟ್ಟಿದ ದೇಶ ಬಿಡೋಕೆ ಜನರಿಗೆ ಮನಸ್ಸಾಗಲ್ಲ, ಆ ಭಾವನೆ ಸಡಿಲವಾದರೆ ನನಗೆ ಬೇಸರ ಅಂತಲೂ ಬರೆದ. ಬಂಡವಾಳ ಓಡುತ್ತೆ ಅಂದ್ರೆ ಇಂಗ್ಲೆಂಡಿನ ಗಿರಣಿ ಮಾಲೀಕನೇ ಗಂಟುಮೂಟೆ ಕಟ್ಕೊಂಡು ಪೋರ್ಚುಗಲ್‌ಗೆ ಹೋಗ್ತಿದ್ದ, ಎರಡೂ ಅಲ್ಲೇ ಅಗ್ಗ. ಈಗಿನ ಕಾಲದಲ್ಲಿ ಆ ಷರತ್ತು ಎಷ್ಟು ಉಳಿದಿದೆ ಅನ್ನೋದು ನಿಜವಾದ ಪ್ರಶ್ನೆ.

ಹೊಲಿಗೆ ಲೈನ್ ಸೂಪರ್‌ವೈಸರ್

ಆ ಕೊನೇ ಮಾತಿಗೆ ಬಂದೆ. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷ. ಬಾಂಗ್ಲಾದೇಶ ಬಟ್ಟೆ ರಫ್ತಿನಲ್ಲಿ ಚೀನಾ ಆದ ಮೇಲೆ ನಿಲ್ಲುತ್ತೆ, ನಾವು ಎಲ್ಲೋ ಹಿಂದೆ. ನಮ್ಮ ಲೈನಿನ ಹುಡುಗಿಯರ ಕೈ ಚುರುಕಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಹಾಗಾದ್ರೆ ಆರ್ಡರ್ ಯಾಕೆ ಅಲ್ಲಿಗೆ ಹೋಗುತ್ತೆ? ಕೂಲಿ ಕಡಿಮೆ ಅಂತ ತಾನೇ? ಇದರಲ್ಲಿ ರಿಕಾರ್ಡೋ ಎಲ್ಲಿ ಬಂದ?

ಲೆಕ್ಕದ ಮೇಷ್ಟ್ರು

ಕೂಲಿ ಹೇಗೆ ನಿಲ್ಲುತ್ತೆ ಅನ್ನೋದರಲ್ಲಿ ಬರ್ತಾನೆ. ಮತ್ತೆ ಅದೇ ಟೇಬಲ್. ಇಂಗ್ಲೆಂಡಿನ ಬಟ್ಟೆ ಪೋರ್ಚುಗಲ್‌ನಲ್ಲಿ ಮಾರಾಟ ಆಗಬೇಕಂದ್ರೆ 100 ಇಂಗ್ಲಿಷ್ ಕೂಲಿ, 90 ಪೋರ್ಚುಗೀಸ್ ಕೂಲಿಗಿಂತ ಕಡಿಮೆ ಇರಬೇಕು. ಅಂದ್ರೆ ಇಂಗ್ಲೆಂಡಿನ ಕೂಲಿ ಪೋರ್ಚುಗಲ್‌ನ ಕೂಲಿಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕೆಳಗೆ. ವೈನ್ ಕಡೆಯಿಂದ ನೋಡಿದ್ರೆ 80 ಪೋರ್ಚುಗೀಸ್ ಕೂಲಿ, 120 ಇಂಗ್ಲಿಷ್ ಕೂಲಿಗಿಂತ ಕಡಿಮೆ ಇರಬೇಕು, ಅಂದ್ರೆ ಇಂಗ್ಲೆಂಡಿನ ಕೂಲಿ ಮೂರರಲ್ಲಿ ಎರಡು ಪಾಲಿಗಿಂತ ಮೇಲೆ. ಈ ಎರಡರ ನಡುವೆ ಕೂಲಿ ನಿಂತಾಗ ಮಾತ್ರ ಇಬ್ಬರಿಗೂ ಮಾರೋಕೆ ಏನೋ ಇರುತ್ತೆ. ಏನು ಮಾರಬೇಕು ಅನ್ನೋದನ್ನು ಕಂಪ್ಯಾರೇಟಿವ್ ಹೇಳುತ್ತೆ, ಹೊಟ್ಟೆ ಎಷ್ಟು ತುಂಬುತ್ತೆ ಅನ್ನೋದನ್ನು ಅಬ್ಸಲ್ಯೂಟ್ ಹೇಳುತ್ತೆ. ಅಬ್ಸಲ್ಯೂಟ್ ಅಡ್ವಾಂಟೇಜ್ ಬೇಡದ ವಸ್ತು ಅಂತ ಕೆಲವು ಗೈಡ್‌ಗಳಲ್ಲಿ ಬರೆದಿರ್ತಾರೆ, ಅದು ತಪ್ಪು. ಎರಡರಲ್ಲೂ ಹಿಂದಿರೋ ದೇಶ ವ್ಯಾಪಾರ ಮಾಡುತ್ತೆ, ಆದ್ರೆ ಕಡಿಮೆ ಕೂಲಿಗೆ ಮಾಡುತ್ತೆ.

ನಿಮ್ಮ ಬೆಂಗಳೂರಿನ ವಿಷಯ ಬೇರೆ. ನಿಮ್ಮ ಲೈನ್ ಬಿಟ್ಟ ಹುಡುಗಿಗೆ ಅಲ್ಲಿ ಬೇರೆ ಏನು ಕೆಲಸ ಸಿಗುತ್ತೆ?

ಹೊಲಿಗೆ ಲೈನ್ ಸೂಪರ್‌ವೈಸರ್

ಬೇಕಾದಷ್ಟು. ಮಾಲ್‌ನಲ್ಲಿ ಬಿಲ್ಲಿಂಗ್, ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್, ಪ್ಯಾಕಿಂಗ್ ಗೋಡೌನ್. ಯುಗಾದಿಗೆ ಊರಿಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬಂದಿರಲ್ಲ. ಅದಕ್ಕೇ ಅಲ್ವಾ ಯೂನಿಟ್‌ಗಳೆಲ್ಲ ಮದ್ದೂರು, ಮಂಡ್ಯ, ಹಾಸನ ಅಂತ ಹೊರಗೆ ಹೊರಟಿರೋದು. ಓ. ಈಗ ಗೊತ್ತಾಯ್ತು. ನಮ್ಮ ಶರ್ಟ್ ದುಬಾರಿ ಆಗಿದ್ದು ಢಾಕಾದಿಂದ ಅಷ್ಟೇ ಅಲ್ಲ, ಪಕ್ಕದ ಟೆಕ್ ಪಾರ್ಕಿನಿಂದಲೂ.

ಮೆಣಸು ಬಳ್ಳಿ

ಕೊಡಗಿನಿಂದ ಬರೀತಿದ್ದೀನಿ, ರೋಬಸ್ಟಾ ತೋಟ, ಮರಕ್ಕೆಲ್ಲ ಕಾಳುಮೆಣಸು. ಇಲ್ಲಿ "ವಿಯೆಟ್ನಾಂ" ಅಂದ್ರೆ ಬೈಗುಳ. ಮೆಣಸಿನಲ್ಲಿ ಜಗತ್ತಿಗೇ ಮೊದಲು ಅವರು. ಹೆಕ್ಟೇರಿಗೆ ಅವರ ಇಳುವರಿ ನಮ್ಮದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಕೃಷಿ ಮೇಳದಲ್ಲಿ ಯಾರೋ ಬಂದು ಸ್ಲೈಡ್ ಹಾಕಿ, ನೋಡಿ ಅವರದ್ದೆಷ್ಟು ನಿಮ್ಮದೆಷ್ಟು, ನೀವು ಮೆಣಸು ಬಿಟ್ಟು ಬೇರೆ ನೋಡೋದು ಒಳ್ಳೇದು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆವತ್ತು ಉತ್ತರ ಹೊಳೀಲಿಲ್ಲ, ಖಾನಾವಳಿ ಅಕ್ಕನ ರೊಟ್ಟಿ ಓದಿ ಹೊಳೀತು.

ಅವರದ್ದು ಕಂಬ ನೆಟ್ಟು ಬರೀ ಮೆಣಸು ಬೆಳೆಯೋ ತೋಟ. ಆ ಜಾಗದಲ್ಲಿ ಮೆಣಸು ಬಿಟ್ಟು ಇನ್ನೇನಾದ್ರೂ ಬೆಳೀಬಹುದಿತ್ತು, ಅದು ಹೋಯ್ತು. ನಮ್ಮದರಲ್ಲಿ? ಕಾಫಿಗೆ ನೆರಳು ಬೇಕು ಅಂತ ಸಿಲ್ವರ್ ಓಕ್, ಹಾಲವಾಣ, ಬಳಂಜಿ ಮರ ಹೇಗಿದ್ರೂ ಇದೆ. ಆ ಮರದ ಬುಡದಲ್ಲಿ ಬಳ್ಳಿ ಇಟ್ಟೆ, ಹತ್ತಿತು. ಒಂದು ಅಡಿ ಜಾಗ ಬಿಟ್ಟುಕೊಡಲಿಲ್ಲ, ಒಂದು ಕಾಫಿ ಗಿಡ ಕೀಳಲಿಲ್ಲ. ಹೆಕ್ಟೇರ್ ಲೆಕ್ಕದಲ್ಲಿ ನಾನು ಸೋತೆ, ಏನು ಬಿಟ್ಟೆ ಅನ್ನೋ ಲೆಕ್ಕದಲ್ಲಿ ಸೋತಿಲ್ಲ. ನೆಲದ ಲೆಕ್ಕದಲ್ಲಿ ನನ್ನ ಅವಕಾಶ ವೆಚ್ಚ ಹತ್ತಿರ ಹತ್ತಿರ ಸೊನ್ನೆ!

ಆದ್ರೆ ಆಳಿನ ಲೆಕ್ಕದಲ್ಲಿ ಸೊನ್ನೆ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಮೆಣಸು ಕೆಂಪಾಗೋದು ಫೆಬ್ರವರಿ, ಮಾರ್ಚ್. ಅದೇ ಹೊತ್ತಿಗೆ ರೋಬಸ್ಟಾ ಹಣ್ಣು ಕೊಯ್ಲು ಇನ್ನೂ ನಡೀತಿರುತ್ತೆ, ಆಮೇಲೆ ಹೂವಿಗೆ ಸ್ಪ್ರಿಂಕ್ಲರ್ ಓಡಿಸಬೇಕು. ಮೂವತ್ತು ಅಡಿ ಏಣಿ ಮರಕ್ಕೆ ಒರಗಿಸಿ, ಹಗ್ಗ ಕಟ್ಟಿ, ಸೊಂಟಕ್ಕೆ ಚೀಲ ಬಿಗಿದು ಹತ್ತೋ ಆಳು ಊರಿಗೆ ನಾಲ್ಕು ಜನ ಇದ್ರೆ ಜಾಸ್ತಿ. ಅವನು ನಮ್ಮ ತೋಟದಲ್ಲಿ ಮೆಣಸು ಕುಯ್ದ ಒಂದೊಂದು ದಿನವೂ ಕಾಫಿ ಕಣದಲ್ಲಿ ಒಂದು ಕೈ ಕಡಿಮೆ. ಮಳೆ ಮೋಡ ಕಂಡ ದಿನ ನಿಜವಾದ ವೆಚ್ಚ ಗೊತ್ತಾಗುತ್ತೆ. ಒಂದು ವರ್ಷ ಮೆಣಸಿಗೆ ಆಳು ಕಳಿಸಿ, ಕಣದಲ್ಲಿ ಹರಡಿದ್ದ ಕಾಫಿ ನೆನೆದು ಕಪ್ಪಾಯ್ತು, ಮನೆಯವಳು ಇವತ್ತಿಗೂ ಅದನ್ನು ಎತ್ತಿ ಆಡ್ತಾಳೆ.

ಮಸಾಲೆ ಅಂಗಡಿ

ಮೆಣಸು ಬಳ್ಳಿಯವರೇ, ಹಾಗಾದ್ರೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಮೆಣಸು ಆಮದು ಮಾಡೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರದ ಹತ್ತಿರ ಮಾಡಿಸಿಕೊಂಡಿರಲ್ಲ, ಅದ್ಯಾಕೆ? ಅಷ್ಟು ಗಟ್ಟಿ ಇದ್ರೆ ಬೇಲಿ ಯಾಕೆ ಬೇಕಿತ್ತು? ನಿಮ್ಮ ಆ 500 ನನ್ನ ಖರ್ಚಿನ ಪುಸ್ತಕದಲ್ಲಿ ಕೂತಿದೆ.

ಮೆಣಸು ಬಳ್ಳಿ

ನ್ಯಾಯವಾದ ಪ್ರಶ್ನೆ. ಶ್ರೀಲಂಕಾ ಜೊತೆ 2000ರಿಂದ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, ಅಲ್ಲಿನ ಮಾಲಿಗೆ ಸುಂಕದ ರಿಯಾಯಿತಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹಚ್ಕೊಂಡು ಬರ್ತಿದೆ ಅನ್ನೋದು ಬೆಳೆಗಾರರ ದೂರು. ಶ್ರೀಲಂಕಾ ಮೆಣಸು ಶ್ರೀಲಂಕಾದ್ದಾಗೇ ಬಂದ್ರೆ ನನ್ನ ತಕರಾರು ಕಡಿಮೆ. ಬೇರೆಯವನ ಆಧಾರ್ ಕಾರ್ಡ್ ತೋರಿಸಿ ಒಳಗೆ ಬಂದ್ರೆ ಅದಕ್ಕೆ ಕಂಪ್ಯಾರೇಟಿವ್ ಅಡ್ವಾಂಟೇಜ್ ಅಂತ ಹೆಸರಿಡೋಕಾಗಲ್ಲ.

ಆದ್ರೆ ನಿಮ್ಮ ಮಾತಿನಲ್ಲಿ ಇನ್ನೊಂದು ಸತ್ಯ ಇದೆ, ಒಪ್ಪಿಕೊಳ್ತೀನಿ. ನನಗೆ ಸಿಕ್ಕ ಆ ಬೆಲೆ ನಿಮ್ಮ ಜೇಬಿನದು, ಹೋಟೆಲಿನವನದು, ಸಾರಿಗೆ ಮೆಣಸು ಕುಟ್ಟಿ ಹಾಕೋರದು.

ಹಳೇ ರದ್ದಿ

ನಾನು ಹೇಳಬೇಕು ಅಂದ್ಕೊಂಡಿದ್ದೂ ಇದೇ. ಮೇಷ್ಟ್ರ ಲೆಕ್ಕದಲ್ಲಿ 30 ಜನ "ಉಳಿದ್ರು". ಉಳಿದವರು ಎಲ್ಲಿಗೆ ಹೋದ್ರು? ಬೋರ್ಡಿನ ಮೇಲೆ ಬಟ್ಟೆಯವನು ಸಂಜೆ ಮನೆಗೆ ಹೋಗಿ ಬೆಳಗ್ಗೆ ವೈನಿನವನಾಗಿ ಎದ್ದು ಬರ್ತಾನೆ. ನಿಜದಲ್ಲಿ ಐವತ್ತು ವಯಸ್ಸಿನ ನೇಕಾರ ದ್ರಾಕ್ಷಿ ಕೊಯ್ಯೋಕೆ ಹೋಗಲ್ಲ, ಹೋದ್ರೂ ಯಾರೂ ಕೆಲಸ ಕೊಡಲ್ಲ. ದೇಶಕ್ಕೆ ಲಾಭ ಅನ್ನೋದು ಸರಿ, ಆ ಲಾಭದಲ್ಲಿ ಒಂದು ಪಾಲು ಆ ನೇಕಾರನ ಮನೆಗೆ ಯಾರು ತಲುಪಿಸ್ತಾರೆ?

ಇನ್ನೊಂದು ವಿಷಯ. ಇವತ್ತಿನ ಅನುಪಾತವೇ ಹಣೆಬರಹ ಅಂತ ಕೂತಿದ್ರೆ ದಕ್ಷಿಣ ಕೊರಿಯಾ ಭತ್ತ ಬೆಳ್ಕೊಂಡೇ ಇರ್ತಿತ್ತು. ಉಕ್ಕಿನ ಕಾರ್ಖಾನೆಗೆ ಸಾಲ ಕೇಳಿದಾಗ ವಿಶ್ವಬ್ಯಾಂಕ್ ಆಗಲ್ಲ ಅಂತು. ಅವರ ಹತ್ತಿರ ಒಳ್ಳೆ ಕಬ್ಬಿಣದ ಅದಿರೂ ಇರಲಿಲ್ಲ, ಅನುಭವವೂ ಇರಲಿಲ್ಲ. 1968ರಲ್ಲಿ ಪೋಸ್ಕೋ ಶುರು ಮಾಡಿದ್ರು, ಹಿಂದೆ ತಮ್ಮನ್ನು ಆಳಿದ್ದ ಜಪಾನ್ ಕೊಟ್ಟ ಪರಿಹಾರದ ದುಡ್ಡನ್ನೂ ಅದಕ್ಕೆ ಹಾಕಿದ್ರು, 1973ರಲ್ಲಿ ಪೋಹಾಂಗ್‌ನಲ್ಲಿ ಉಕ್ಕು ಬಂತು. ಅನುಕೂಲ ಇದ್ದು ಮಾಡಲಿಲ್ಲ, ಮಾಡಿ ಅನುಕೂಲ ಮಾಡ್ಕೊಂಡ್ರು.

ಸಂಜೆ ಕಾಫಿ

ಹಾಗಂತ ಬೇಲಿ ಹಾಕಿದವರೆಲ್ಲ ಕೊರಿಯಾ ಆಗಲ್ಲ ರದ್ದಿ ಅವರೇ. ನಾವೂ ದಶಕಗಟ್ಟಲೆ ಬೇಲಿ ಹಾಕಿದ್ವಿ. ನಮ್ಮಪ್ಪ ಒಂದು ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ರು, ಬಂದಾಗ ಅದನ್ನು ಒಂದು ಪಕ್ಕಕ್ಕೆ ವಾಲಿಸದೆ ಸ್ಟಾರ್ಟ್ ಮಾಡೋಕೆ ಆಗ್ತಿರಲಿಲ್ಲ. ಕೊರಿಯಾದವರು ಬೇಲಿಯೊಳಗೆ ಬೆಳೆಸಿದ ಕಂಪನಿಗೆ, ಹೊರಗೆ ಮಾರಿ ತೋರಿಸು, ಇಲ್ಲದಿದ್ರೆ ಸಾಲ ಇಲ್ಲ ಅಂತ ಒತ್ತಡ ಹಾಕ್ತಿದ್ರು. ನಾವು ಲೈಸೆನ್ಸ್ ಕೊಟ್ಟು ಮಲಗಿದ್ವಿ.

ಕೊನೇ ಬೆಂಚು

ನಿಮ್ಮ ಜಗಳದ ಮಧ್ಯೆ ಬಂದೆ, ಕ್ಷಮಿಸಿ. ನಾನು ಎಲ್ಲ ಓದಿ ಹೊಸದಾಗಿ ಒಂದು ಟೇಬಲ್ ಮಾಡ್ಕೊಂಡೆ. ನಮ್ಮನೇಲಿ ನಾನು ಮತ್ತು ನನ್ನ ತಮ್ಮ. ನಾನು ಪಾತ್ರೆ 20 ನಿಮಿಷಕ್ಕೆ ತೊಳೀತೀನಿ, ಬಟ್ಟೆ ಮಡಚೋಕೆ 10 ನಿಮಿಷ. ಅವನಿಗೆ ಪಾತ್ರೆಗೆ 25, ಬಟ್ಟೆಗೆ 40 (ಬೇಕಂತಲೇ ನಿಧಾನ). ಎರಡರಲ್ಲೂ ನಾನೇ ಮೇಲು. ಇದು ಸಮಯದ ಟೇಬಲ್, ಹಾಗಾಗಿ ಚಿಕ್ಕದು ಒಳ್ಳೇದು. ಒಂದು ಸಲ ಪಾತ್ರೆ ತೊಳೆದ್ರೆ ನನಗೆ ಎರಡು ಸಲದ ಬಟ್ಟೆ ಹೋಯ್ತು, ಅವನಿಗೆ 25/40, ಅಂದ್ರೆ ಮುಕ್ಕಾಲು ಸಲದಷ್ಟೂ ಇಲ್ಲ. ಹಾಗಾಗಿ ಪಾತ್ರೆ ಅವನಿಗೆ! ರಿಕಾರ್ಡೋ ಹೇಳಿದ್ದು ಅಂತ ಅಮ್ಮನಿಗೆ ತೋರಿಸಿದೆ. ಅಮ್ಮ ನಗದೆ ಒಪ್ಪಿಕೊಂಡ್ಲು. ತಮ್ಮ ಈಗ ಬಟ್ಟೆ ಮಡಚೋದು ಪ್ರ್ಯಾಕ್ಟೀಸ್ ಮಾಡ್ತಿದ್ದಾನೆ.

ಲೆಕ್ಕದ ಮೇಷ್ಟ್ರು

ಐದಕ್ಕೆ ಐದು. ಕೊನೇ ವಾಕ್ಯಕ್ಕೆ ಇನ್ನೊಂದು ಮಾರ್ಕು ಜಾಸ್ತಿ, ರದ್ದಿ ಸಾಹೇಬ್ರ ಕೊರಿಯಾ ಅಂದ್ರೆ ಅದೇ.

ಖಾನಾವಳಿ ಅಕ್ಕ, ನಿಮ್ಮ ಹುಡುಗಿ ಇನ್ನೂ ರೊಟ್ಟಿಯಲ್ಲೇ ಇದ್ದಾಳಾ?

ಖಾನಾವಳಿ ಅಕ್ಕ

ಎರಡು ದಿನದಿಂದ ಇದೇ ತಲೆಯಲ್ಲಿ ಓಡ್ತಿತ್ತು ಮೇಷ್ಟ್ರೇ. ಆ 40 ಹೋಳಿಗೆಯ ದುಡ್ಡು, ಬೇಳೆ ಬೆಲ್ಲದ ಖರ್ಚು ಕಳೆದು, ಪೂರ್ತಿ ನನಗೇ ಬರ್ತಿತ್ತು. ಅವಳಿಗೆ ಅದೇ ಸಂಬಳ. ನಾಲ್ಕು ಗಂಟೆ ಒಂದೇ ಸಮ ಬಡಿದು ಅವಳ ಅಂಗೈ ಊದಿಕೊಳ್ಳುತ್ತೆ ಅಂತ ನನಗೆ ಗೊತ್ತಾಗಿದ್ದೂ ಅವಳು ಹೇಳಿ ಅಲ್ಲ, ಒಂದು ದಿನ ಎಣ್ಣೆ ಹಚ್ಕೋತಿದ್ದದ್ದು ನೋಡಿ. ಅಷ್ಟೇ ಅಲ್ಲ, ಅವಳು ನಾಳೆ ಊರಿಗೆ ಹೋಗಿ ಸ್ವಂತ ಮಾಡ್ತೀನಿ ಅಂದ್ರೆ ಅವಳ ಕೈಯಲ್ಲಿ ರೊಟ್ಟಿ ಮಾತ್ರ. ಗದಗದ ಕಡೆ ರೊಟ್ಟಿ ಬಡಿಯೋಕೆ ಬಾರದ ಮನೆ ಎಲ್ಲಿದೆ?

ಸಂಬಳ ಸ್ವಲ್ಪ ಹೆಚ್ಚು ಮಾಡಿದ್ದೀನಿ. ಶನಿವಾರ ಆರ್ಡರ್ ಕಡಿಮೆ ಇರುತ್ತೆ, ಆವತ್ತು ಹೋಳಿಗೆ ಅವಳದು, ರೊಟ್ಟಿ ನಂದು ಅಂತ ಮಾಡಿದೆ. ಕಣಕ ಇನ್ನೂ ಸ್ವಲ್ಪ ಮೆತ್ತಗೆ ನಾದು, ಎಣ್ಣೆಯಲ್ಲಿ ಒಂದು ತಾಸು ನೆನೆಸಿಡು, ಹೂರಣ ನುಣ್ಣಗೆ ರುಬ್ಬು ಅಂತ ಹೇಳಿಕೊಟ್ಟೆ. ಮೊದಲ ಶನಿವಾರ ಹತ್ತರಲ್ಲಿ ಆರು ಒಡೆದವು. ಮೊನ್ನೆ ನಾಲ್ಕು. ಒಡೆದವನ್ನು ತುಪ್ಪ ಹಾಕ್ಕೊಂಡು ನಾವಿಬ್ಬರೇ ತಿಂದ್ವಿ, ಪಾರ್ಸೆಲ್ ಹುಡುಗನಿಗೂ ಎರಡು ಕೊಟ್ವಿ.